ನೀರಿನೊಳಗೂ ಮಳೆ ಬರ್ತದೇನೋ?

ನೇತ್ರಾಣಿಯಲ್ಲಿ ಮೊದಲ ಸಲ ತೆಗೆದ ಫೋಟೋಗಳನ್ನು ವಾಟ್ಸಾಪ್ ಮಾಡಿದಾಗ ಅಮ್ಮ ಕೇಳಿದ ಪ್ರಶ್ನೆ ಇದು. "ನೀರಿನೊಳಗೂ ಮಳೆ ಬರ್ತದೇನೋ ಮಗಾ? ಬರೀ ಬಿಳಿ ಚುಕ್ಕೆ. ಮೀನೆಲ್ಲಿ?"

ಅಮ್ಮನ ತವರು ಶಿರಾಲಿ, ಮುರುಡೇಶ್ವರದ ಪಕ್ಕದ ಊರು. ಆಕಾಶ ತಿಳಿಯಾಗಿರುವ ದಿನ ದಡದಲ್ಲಿ ನಿಂತರೆ ಪಶ್ಚಿಮಕ್ಕೆ ಒಂದು ನೀಲಿ ಗುಡ್ಡ ಕಾಣುತ್ತದೆ. ಅದೇ ನೇತ್ರಾಣಿ. ಚಿಕ್ಕಂದಿನಿಂದ ಅದನ್ನು ನೋಡುತ್ತಾ ಬೆಳೆದ ಅಮ್ಮ ಒಮ್ಮೆಯೂ ಅಲ್ಲಿಗೆ ಹೋದವರಲ್ಲ. ಈಗ ಮಂಡಿ ನೋವು, ಬೋಟ್ ಹತ್ತುವ ಮಾತೇ ಇಲ್ಲ. ನಾನು ಡೈವಿಂಗ್ ಕೋರ್ಸ್ ಮುಗಿಸಿದ್ದೇನೆ ಅಂದಾಗ ಒಂದೇ ಮಾತು ಹೇಳಿದ್ದರು: "ಕೆಳಗೆ ಏನಿದೆ ಅಂತ ನನಗೂ ತೋರಿಸು." ನಾನು ತೋರಿಸಿದ್ದು ಬಿಳಿ ಮಳೆ!

ಮುರುಡೇಶ್ವರದಿಂದ ನೇತ್ರಾಣಿಗೆ ಸುಮಾರು 19 ಕಿಲೋಮೀಟರ್. ಬೆಳಿಗ್ಗೆ ಬೋಟ್ ಹತ್ತಿದರೆ ಒಂದು ಗಂಟೆಗೂ ಹೆಚ್ಚಿನ ಪ್ರಯಾಣ. ರಾಜಗೋಪುರ, ಶಿವನ ಮೂರ್ತಿ ಹಿಂದೆ ಸಣ್ಣದಾಗುತ್ತಾ ಹೋಗುತ್ತವೆ, ಮುಂದೆ ಗುಡ್ಡ ದೊಡ್ಡದಾಗುತ್ತಾ ಬರುತ್ತದೆ. ಕಡಿದಾದ ಬಂಡೆ, ಮೇಲೆ ದಟ್ಟ ಕಾಡು, ಅದರ ಮೇಲೆ ಸುತ್ತುವ ಬಿಳಿ ಹೊಟ್ಟೆಯ ಕಡಲ ಹದ್ದು. ಬೋಟ್ ದಡ ಮುಟ್ಟುವುದಿಲ್ಲ, ಬಂಡೆಯ ಹತ್ತಿರ ಲಂಗರು ಹಾಕಿ ಅಲ್ಲಿಂದಲೇ ನೀರಿಗೆ ಇಳಿಯಬೇಕು. ಮಳೆಗಾಲದಲ್ಲಿ ಡೈವಿಂಗ್ ಬಂದ್.

ಡಿಸೆಂಬರಿನ ಆ ಮೊದಲ ಟ್ರಿಪ್‌ನಲ್ಲಿ ಕೈಯಲ್ಲಿ ಹೊಸ ಕಾಂಪ್ಯಾಕ್ಟ್ ಕ್ಯಾಮೆರಾ, ಅದಕ್ಕೊಂದು ವಾಟರ್‌ಪ್ರೂಫ್ ಹೌಸಿಂಗ್. ಹತ್ತು ಮೀಟರ್ ಆಳದಲ್ಲಿ ಗಿಳಿಮೀನು, ಚಿಟ್ಟೆಮೀನು ಅಂತ ಎಲ್ಲದರ ಹಿಂದೆಯೂ ಓಡಿದೆ. ಕಣ್ಣು ಸ್ಕ್ರೀನ್ ಮೇಲೆ, ಕಾಲು ಎಲ್ಲಿದೆ ಅನ್ನೋದೇ ಗೊತ್ತಿಲ್ಲ. ಇದ್ದಕ್ಕಿದ್ದಂತೆ ಯಾರೋ ಬೆನ್ನಿನ ಸಿಲಿಂಡರ್ ಹಿಡಿದು ಹಿಂದಕ್ಕೆ ಎಳೆದರು. ಇನ್‌ಸ್ಟ್ರಕ್ಟರ್! ಮೊದಲು ನನ್ನ ಫಿನ್ ಕೆಳಗಿದ್ದ ಹವಳ ತೋರಿಸಿದರು. ಒಂದು ಗೇಣು ತಪ್ಪಿದ್ದರೆ ಮುರಿಯುತ್ತಿತ್ತು. ಆಮೇಲೆ ನನ್ನ ಗೇಜ್ ತೋರಿಸಿದರು. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಗಾಳಿ ಉಳಿದಿದ್ದದ್ದು ನನ್ನಲ್ಲೇ. ನಾನದನ್ನು ನೋಡಿಯೇ ಇರಲಿಲ್ಲ. ಎದೆ ಹೊಡೆದುಕೊಂಡಿದ್ದು ಆಗ.

ಬೋಟ್ ಮೇಲೆ ಬಂದಾಗ ಅವರು ಬೈಯಲಿಲ್ಲ. "ಮೊದಲು ಉಸಿರು, ಆಮೇಲೆ ಹವಳ, ಕೊನೆಗೆ ಕ್ಯಾಮೆರಾ" ಅಂದರು ಅಷ್ಟೇ.

ಬೆಂಗಳೂರಿಗೆ ಬಂದು ಆ ಬಿಳಿ ಮಳೆಯ ಬಗ್ಗೆ ಯೋಚಿಸಿದೆ. ಆಗುಂಬೆ ಘಾಟಿಯ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಏನಾಗುತ್ತೆ? ರಸ್ತೆ ಕಾಣಲ್ಲ, ಮಂಜೇ ಬೆಳ್ಳಗೆ ಕಣ್ಣಿಗೆ ಹೊಡೆಯುತ್ತೆ. ನೀರಿನಲ್ಲೂ ಅದೇ ಕಥೆ. ಸಣ್ಣ ಸಣ್ಣ ಕಣಗಳು ತೇಲುತ್ತಿರುತ್ತವೆ. ಕಾಂಪ್ಯಾಕ್ಟ್ ಕ್ಯಾಮೆರಾದ ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ಆ ಕಣಗಳ ಮೇಲೆ ಬಿದ್ದ ಬೆಳಕು ನೇರ ಲೆನ್ಸಿಗೇ ವಾಪಸ್ ಬರುತ್ತೆ. ಮೀನು ಎರಡು ಮೀಟರ್ ದೂರ ಇದ್ದರೆ ಮಧ್ಯದ ಎರಡು ಮೀಟರ್ ನೀರಿನ ಕಸವೆಲ್ಲ ಫೋಟೋದಲ್ಲಿ.

ಹಾಗಂತ ಫ್ಲ್ಯಾಶ್ ಬೇಡ ಅನ್ನೋ ಹಾಗೂ ಇಲ್ಲ. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಮಂಕಾಗಿ, ಎಲ್ಲ ನೀಲಿ-ಹಸಿರು ಆಗಿರುತ್ತೆ. ಬಣ್ಣ ವಾಪಸ್ ಬೇಕಾದರೆ ಹತ್ತಿರದಿಂದ ಬೆಳಕು ಕೊಡಬೇಕು. ಆದರೆ ತೀರಾ ಹತ್ತಿರ ಹೋದರೆ ಇನ್ನೊಂದು ತಾಪತ್ರಯ. ಹೌಸಿಂಗ್‌ನ ಮುಂದೆ ಚಾಚಿಕೊಂಡಿರುವ ಲೆನ್ಸಿನ ಭಾಗ ಫ್ಲ್ಯಾಶಿಗೆ ಅಡ್ಡ ಬಂದು ಫೋಟೋದ ಒಂದು ಮೂಲೆ ಕಪ್ಪಾಗುತ್ತೆ, ಇನ್ನೊಂದು ಕಡೆ ಸುಟ್ಟ ಹಾಗೆ ಬೆಳ್ಳಗಾಗುತ್ತೆ.

ಇಲ್ಲಿ ಕೆಲಸಕ್ಕೆ ಬರುವುದೇ ಡಿಫ್ಯೂಸರ್. ಅಂದ್ರೆ ಫ್ಲ್ಯಾಶ್ ಮುಂದೆ ಹಾಕುವ, ಹಾಲಿನ ಬಣ್ಣದ ಪ್ಲಾಸ್ಟಿಕ್ ತುಂಡು. ಒಂದೇ ಕಡೆ ಬೀಳುವ ಬೆಳಕನ್ನು ಅದು ಅಗಲವಾಗಿ ಹರಡುತ್ತದೆ. ರೆಡಿಮೇಡ್ ಸಿಗುತ್ತೆ, ನಾನು ಐಸ್‌ಕ್ರೀಮ್ ಡಬ್ಬದ ಮುಚ್ಚಳ ಕತ್ತರಿಸಿ, ಲೆನ್ಸಿಗೆ ದುಂಡಗೆ ತೂತು ಮಾಡಿಕೊಂಡೆ. ಬಾತ್‌ರೂಮ್ ಬಕೆಟ್ಟಿನಲ್ಲಿ ಒಂದು ಟೊಮೆಟೊ ಮುಳುಗಿಸಿ, ಅದು ಮೇಲೆ ಬರದ ಹಾಗೆ ಚಮಚ ಕಟ್ಟಿ, ಫೋಟೋ ತೆಗೆದದ್ದೇ ತೆಗೆದದ್ದು. ರೂಮ್‌ಮೇಟ್ ಬಾಗಿಲು ಬಡಿಯುತ್ತಲೇ ಇದ್ದ. ಆ ಮುಚ್ಚಳವನ್ನು ದಾರದಿಂದ ಹೌಸಿಂಗ್‌ಗೆ ಬಿಗಿಯಾಗಿ ಕಟ್ಟಿದೆ. ಕಳಚಿ ಬಿದ್ದರೆ ಸಮುದ್ರಕ್ಕೆ ಇನ್ನೊಂದು ಪ್ಲಾಸ್ಟಿಕ್ ಕೊಟ್ಟ ಹಾಗಾಗುತ್ತೆ.

ಡಿಫ್ಯೂಸರ್ ಹಾಕಿದ್ರೆ ಬಿಳಿ ಚುಕ್ಕೆ ಮಾಯ ಅಂದುಕೊಂಡಿದ್ದೆ. ತಪ್ಪು. ಚುಕ್ಕೆ ಕಡಿಮೆಯಾಗುವುದು ನಾವು ಹತ್ತಿರ ಹೋದಾಗ, ಮಧ್ಯದ ನೀರು ಕಡಿಮೆಯಾದಾಗ. ಅಷ್ಟು ಹತ್ತಿರ ಹೋದಾಗ ನೆರಳಿಲ್ಲದ ಹಾಗೆ ನೋಡಿಕೊಳ್ಳುವುದು ಮಾತ್ರ ಡಿಫ್ಯೂಸರ್ ಕೆಲಸ. ಅದು ಬೆಳಕನ್ನೂ ಒಂದಿಷ್ಟು ತಿನ್ನುತ್ತೆ, ಹಾಗಾಗಿ ದೂರದ ಮೀನಿಗೆ ಪ್ರಯೋಜನವಿಲ್ಲ. ಆಗ ಫ್ಲ್ಯಾಶ್ ಆಫ್ ಮಾಡಿ, ವೈಟ್ ಬ್ಯಾಲೆನ್ಸ್ ಸರಿಮಾಡಿಕೊಂಡು ಸೂರ್ಯನ ಬೆಳಕಿನಲ್ಲೇ ತೆಗೆಯುವುದು ವಾಸಿ.

ಫೆಬ್ರವರಿಯಲ್ಲಿ ಮತ್ತೆ ಹೋದೆ. ಅದೇ ಇನ್‌ಸ್ಟ್ರಕ್ಟರ್. ಬೋಟ್‌ನಲ್ಲಿ ಹೌಸಿಂಗ್‌ನ ರಬ್ಬರ್ ರಿಂಗ್ ಮೇಲೆ ಕೂದಲು, ಮರಳು ಇಲ್ಲ ಅಂತ ಎರಡು ಸಲ ನೋಡಿದೆ. ಮೊದಲ ಹತ್ತು ನಿಮಿಷ ಕ್ಯಾಮೆರಾ ಜಾಕೆಟ್ಟಿಗೆ ನೇತುಹಾಕಿದ್ದೆ, ಮುಟ್ಟಲಿಲ್ಲ. ಉಸಿರು ನಿಧಾನವಾಯ್ತು. ದೇಹ ಮೇಲೂ ಹೋಗದೆ ಕೆಳಗೂ ಬೀಳದೆ ನಿಂತಿತು. ಗೇಜ್ ನೋಡಿದೆ. ಆಮೇಲೇ ಕ್ಯಾಮೆರಾ ಆನ್.

ಒಂದು ಕಂದು ಬಂಡೆಯ ಮೇಲೆ ಹೆಬ್ಬೆರಳಿನಷ್ಟು ಉದ್ದದ ನ್ಯೂಡಿಬ್ರಾಂಕ್ ಕುಳಿತಿತ್ತು. ಚಿಪ್ಪಿಲ್ಲದ ಕಡಲ ಬಸವನಹುಳು ಅಂದ್ಕೊಳ್ಳಿ. ಕಪ್ಪು ಮೈ, ಅದರ ಮೇಲೆ ಹಳದಿ ಗುಳ್ಳೆಗಳು. ಅದಕ್ಕೆ ಓಡುವ ಅವಸರವಿಲ್ಲ, ನನಗೂ ಇರಲಿಲ್ಲ. ಮ್ಯಾಕ್ರೋ ಮೋಡ್, ಒಂದು ಗೇಣಿಗಿಂತ ಹತ್ತಿರ, ಬಂಡೆಯನ್ನು ಮುಟ್ಟದೆ ನಾಲ್ಕೇ ಫೋಟೋ. ಸ್ವಲ್ಪ ದೂರದ ಬಿರುಕಿನಿಂದ ಒಂದು ಮೊರೇ ಈಲ್ ತಲೆ ಹಾಕಿ ನೋಡುತ್ತಿತ್ತು. ಹತ್ತಿರ ಹೋಗಬೇಕಾದರೆ ಹವಳದ ಮೇಲೆ ಒರಗಬೇಕಿತ್ತು. ಬಿಟ್ಟುಬಿಟ್ಟೆ. ಅದರ ಫೋಟೋ ನನ್ನ ಹತ್ತಿರ ಇಲ್ಲ, ಬೇಜಾರೂ ಇಲ್ಲ.

ಮೇಲೆ ಬಂದು ಸ್ಕ್ರೀನ್ ನೋಡಿದಾಗ ನಾನೇ ಬೆಚ್ಚಿದೆ. ನನ್ನ ಕಣ್ಣಿಗೆ ಕಂದು ಬಂಡೆಯಾಗಿ ಕಂಡದ್ದು ಫೋಟೋದಲ್ಲಿ ಕುಂಕುಮದಂತಹ ಕೆಂಪು! ಬಂಡೆಗೆ ಅಂಟಿಕೊಂಡಿದ್ದ ಸ್ಪಂಜು ಅದು. ಅಷ್ಟು ಹತ್ತಿರ ಇದ್ದರೂ ನನಗೆ ಆ ಬಣ್ಣ ಕಂಡಿರಲಿಲ್ಲ.

ಶಿರಾಲಿಯ ಮನೆಯ ಜಗಲಿಯಲ್ಲಿ ಕುಳಿತು ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ಎರಡು ಬೆರಳಲ್ಲಿ ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದರು. "ಇಷ್ಟು ಕೆಂಪು ಅಲ್ಲಿ ಇತ್ತಾ? ನಾವು ಇಲ್ಲಿಂದ ಬರೀ ನೀಲಿ ನೋಡಿದ್ದು."

ಈಗ ಅಮ್ಮನ ವಾಟ್ಸಾಪ್ ಡಿಪಿ ಅದೇ ಹುಳು. ಯಾರಾದರೂ ಇದೇನು ಅಂತ ಕೇಳಿದರೆ, "ನಮ್ಮ ನೇತ್ರಾಣಿದು" ಅನ್ನುತ್ತಾರೆ.