ಮುಸಾಫಿರ್‌ಖಾನೆಯ ಊರಿನಿಂದ ವಿಮಾನದ ಹಾದಿ

ಸಂತೇಬೆನ್ನೂರು ಎಂದೊಡನೆ ಕಣ್ಣೆದುರಿಗೆ ಬಂದು ನಿಲ್ಲುವುದು ಅಲ್ಲಿನ ಪುಷ್ಕರಣಿ. ಪಾಳೆಯಗಾರ ಕೆಂಗ ಹನುಮಪ್ಪ ನಾಯಕನು 16ನೆಯ ಶತಮಾನದಲ್ಲಿ ಕಟ್ಟಿಸಿದ ಈ ಕೊಳದ ನಡುವೆ ವಸಂತ ಮಂಟಪ, ಸುತ್ತಲೂ ನೀರಿಗಿಳಿಯುವ ಕಲ್ಲಿನ ಮೆಟ್ಟಿಲುಗಳು. ಅದರ ಸನಿಹದಲ್ಲಿಯೇ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಕಾಲದ ಮುಸಾಫಿರ್‌ಖಾನೆ ಇದೆ. ಮುಸಾಫಿರ್‌ಖಾನೆಯೆಂದರೆ ದಾರಿಹೋಕರ ತಂಗುದಾಣ.

ಅಂದಿನ ದಾರಿಹೋಕನು ತನ್ನ ಗಂಟನ್ನು ತಲೆದಿಂಬಾಗಿಸಿಕೊಂಡು ಮಲಗಬಹುದಾಗಿತ್ತು. ಇಂದು ವಿಮಾನವೇರುವವರಿಗೆ ಆ ಭಾಗ್ಯವಿಲ್ಲ. ಗಂಟನ್ನು ಕಾಣದ ಕೈಗಳಿಗೆ ಒಪ್ಪಿಸಿ, ಇಳಿದ ಊರಿನಲ್ಲಿ ಅದು ಕ್ಷೇಮವಾಗಿ ಬರಲೆಂದು ಕಾಯಬೇಕು. ಅದು ಗಾಲ್ಫ್ ದಾಂಡುಗಳ ಗಂಟಾದರೆ ಆತಂಕ ಇಮ್ಮಡಿ.

ನಮ್ಮ ಮನೆಗಳಿಗೂ ಗಾಲ್ಫಿಗೂ ಏನು ನಂಟು ಎಂದು ಹಿರಿಯರು ಕೇಳಬಹುದು. ಬೆಂಗಳೂರಿನಲ್ಲಿಯೂ ವಿದೇಶಗಳಲ್ಲಿಯೂ ನೆಲೆಸಿದ ಕುಟುಂಬಗಳ ಮಕ್ಕಳು ಈಗ ಈ ಆಟವನ್ನು ಕಲಿಯುತ್ತಿದ್ದಾರೆ. ಬೆಂಗಳೂರಿನ ಅದಿತಿ ಅಶೋಕ್ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಆಡಿದಾಗ ಚೀಲ ಹೊತ್ತವರು ಆಕೆಯ ತಂದೆ. 2021ರಲ್ಲಿ ನಡೆದ ಟೋಕಿಯೋ ಕ್ರೀಡಾಕೂಟದಲ್ಲಿ ಆಕೆ ನಾಲ್ಕನೆಯ ಸ್ಥಾನ ಪಡೆದಾಗ ಚೀಲ ಹೊತ್ತವರು ತಾಯಿ. ಮಕ್ಕಳ ಆಟದ ಹೊರೆ ಹೆತ್ತವರ ಹೆಗಲಿಗೂ ಬರುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ನಮ್ಮ ಬಂಧುಗಳ ಮನೆಯ ಬಾಲಕನೊಬ್ಬ ರಜೆಗೆ ಊರಿಗೆ ಬಂದವನು ಪಂದ್ಯಕ್ಕಾಗಿ ಬೆಂಗಳೂರಿನಿಂದ ವಿಮಾನ ಹತ್ತಿದ. ಇಳಿದು ಚೀಲ ಬಿಚ್ಚಿ ನೋಡಿದರೆ, ಡ್ರೈವರ್ ಎಂಬ ಉದ್ದನೆಯ ದಾಂಡಿನ ಕಾವು ಕುತ್ತಿಗೆಯ ಬಳಿ ಮುರಿದಿತ್ತು. ತನ್ನ ಎತ್ತರಕ್ಕೆ ಹೊಂದದ ಎರವಲು ದಾಂಡಿನಿಂದ ಆಡಬೇಕಾಯಿತು. ವರ್ಷದ ಅಭ್ಯಾಸವೆಲ್ಲ ಒಂದು ಚೀಲದ ಕಾರಣದಿಂದ ಕೈಗೂಡದೆ ಹೋಯಿತು.

ಈ ಮುರಿತದ ಮರ್ಮವು ಚನ್ನಗಿರಿ ಸೀಮೆಯ ಅಡಿಕೆ ಬೆಳೆಗಾರರಿಗೆ ಬೇಗ ತಿಳಿದೀತು. ತೋಟಗಳಿಗೆ ಇತ್ತೀಚಿನ ವರ್ಷಗಳಲ್ಲಿ ಬಂದಿರುವ ಕಾರ್ಬನ್ ಫೈಬರ್ ದೋಟಿ ಹಗುರ, ಗಟ್ಟಿ, ಬಾಗಿದರೂ ಮುರಿಯದು. ಆದರೆ ಅಡ್ಡಲಾಗಿ ಬಲವಾದ ಪೆಟ್ಟು ಬಿದ್ದರೆ ಸೀಳುವುದುಂಟು. ಡ್ರೈವರಿನ ಕಾವೂ ಸಾಮಾನ್ಯವಾಗಿ ಅದೇ ಜಾತಿಯದು. ಸುಮಾರು 45 ಅಂಗುಲ ಉದ್ದದ ಆ ಕಾವಿನ ತುದಿಯಲ್ಲಿ ದಪ್ಪ ತಲೆ. ಚೀಲ ತಲೆಕೆಳಗಾಗಿ ಬಿದ್ದರೆ ಪೆಟ್ಟೆಲ್ಲ ಕುತ್ತಿಗೆಗೆ.

ಪ್ರಯಾಣದ ಚೀಲಗಳಲ್ಲಿ ಎರಡು ಬಗೆ. ಗಟ್ಟಿ ಪೆಟ್ಟಿಗೆಯು ಪೆಟ್ಟನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಭಾರ ಹೆಚ್ಚು, ಮಡಚಲು ಬಾರದು. ದಪ್ಪ ನೈಲಾನಿನ ಮೆತ್ತನೆಯ ಚೀಲ ಹಗುರ, ಮಡಚಿಡಬಹುದು. ಆದರೆ ಒಳಗೆ ಆಧಾರದ ಕೋಲು ಇರಲೇಬೇಕು. ಆ ಕೋಲು ಎಲ್ಲಕ್ಕಿಂತ ಉದ್ದದ ದಾಂಡಿಗಿಂತಲೂ ಒಂದೆರಡು ಅಂಗುಲ ಎತ್ತರವಿದ್ದರೆ ಮೇಲಿನ ಪೆಟ್ಟು ಕೋಲಿಗೆ ಬೀಳುತ್ತದೆ, ದಾಂಡು ಉಳಿಯುತ್ತದೆ. ಊರಿನಿಂದ ಹೊರಡುವವರು ಮೊದಲು ಅಳೆಯಬೇಕಾದದ್ದು ಕಾರಿನ ಡಿಕ್ಕಿಯನ್ನು. ಚಿಕ್ಕ ಕಾರಿದ್ದವರಿಗೆ ಮೆತ್ತನೆಯ ಚೀಲವೇ ಗತಿ. ನಡುವೆ ವಿಮಾನ ಬದಲಿಸಿ ಮೇಲಿಂದ ಮೇಲೆ ದೂರ ಹೋಗುವವರಿಗೆ ಗಟ್ಟಿ ಪೆಟ್ಟಿಗೆ ಮೇಲು. ಯಾವುದಾದರೂ ಚಕ್ರ ಮತ್ತು ಜಿಪ್ಪು ಭದ್ರವಾಗಿರಲಿ.

ಕಟ್ಟುವ ಕ್ರಮವೂ ಮುಖ್ಯ. ತಲೆ ಬಿಚ್ಚಲು ಬರುವ ಡ್ರೈವರಾದರೆ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಡಬೇಕು. ಬಿಚ್ಚುವ ಕೀಲಿಯನ್ನು ಅದೇ ಚೀಲದಲ್ಲಿಯೇ ಇಡಬೇಕು. ದಾಂಡುಗಳ ನಡುವೆ ಟವೆಲು, ಅಂಗಿಗಳನ್ನು ತುರುಕಿದರೆ ಅಲುಗಾಟ ನಿಲ್ಲುತ್ತದೆ. ಪಂದ್ಯಕ್ಕೆ ಅನುಮತಿಯಿರುವುದು ಗರಿಷ್ಠ 14 ದಾಂಡುಗಳಿಗೆ. ಅದಕ್ಕಿಂತ ಹೆಚ್ಚು ಹೊರುವುದು ವ್ಯರ್ಥ. ಚೆಂಡಿನ ತೂಕ 46 ಗ್ರಾಂ ಮೀರದಿದ್ದರೂ ಒಂದು ಡಜನ್ನಿಗೆ ಅರ್ಧ ಕಿಲೋ ದಾಟುತ್ತದೆ. ಮನೆಯಲ್ಲಿಯೇ ತೂಗಿ ನೋಡುವುದು ಲೇಸು.

ನಮ್ಮ ದೇಶದ ಭದ್ರತಾ ನಿಯಮದಂತೆ ಗಾಲ್ಫ್ ದಾಂಡುಗಳನ್ನು ವಿಮಾನದೊಳಗೆ ಕೈಯಲ್ಲಿ ಒಯ್ಯುವಂತಿಲ್ಲ. ಬಿಡಿ ಲಿಥಿಯಂ ಬ್ಯಾಟರಿ ಮತ್ತು ಪವರ್ ಬ್ಯಾಂಕುಗಳದ್ದು ಇದಕ್ಕೆ ವಿರುದ್ಧ. ಅವು ಕೈಚೀಲದಲ್ಲಿಯೇ ಇರಬೇಕು. ಕ್ರೀಡಾ ಸಾಮಗ್ರಿಯ ಶುಲ್ಕ ಒಂದೊಂದು ವಿಮಾನ ಸಂಸ್ಥೆಯಲ್ಲಿ ಒಂದೊಂದು ಬಗೆಯಾದ್ದರಿಂದ ಟಿಕೆಟ್ ಕೊಳ್ಳುವಾಗಲೇ ವಿಚಾರಿಸಬೇಕು. 2023ರಿಂದ ಶಿವಮೊಗ್ಗದಲ್ಲಿಯೇ ವಿಮಾನ ನಿಲ್ದಾಣವಿರುವುದು ಈ ಭಾಗದವರಿಗೆ ಅನುಕೂಲವೇ ಸರಿ. ಆದರೆ ಸಣ್ಣ ವಿಮಾನಗಳಲ್ಲಿ ಸಾಮಾನಿನ ಜಾಗ ಕಡಿಮೆಯಾದ್ದರಿಂದ ಮುಂಚಿತವಾಗಿ ತಿಳಿಸುವುದು ಕ್ಷೇಮ.

ಇಳಿದ ಮೇಲೆ ನಿಲ್ದಾಣದಿಂದ ಹೊರಬೀಳುವ ಮೊದಲೇ ಚೀಲ ಬಿಚ್ಚಿ ನೋಡಬೇಕು. ಹಾನಿಯಾಗಿದ್ದರೆ ಅಲ್ಲಿಯೇ ಬರೆದುಕೊಟ್ಟು ಪ್ರತಿ ಪಡೆಯಬೇಕು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಇಂತಹ ದೂರಿಗೆ ಸಾಮಾನು ಕೈಸೇರಿದ ದಿನದಿಂದ 7 ದಿನಗಳ ಗಡುವು ಮಾತ್ರ. ಹೊರಡುವ ಮುನ್ನ ತೆಗೆದ ಒಂದು ಫೋಟೋ ಆಗ ಸಾಕ್ಷಿಯಾಗುತ್ತದೆ.

ಚೀಲಕ್ಕೆ ಹಣ ಹಾಕುವಾಗ ಕೈ ಹಿಂದೆಗೆಯುವುದು ಸಹಜ. ಆದರೆ ಅದು ಕಾಯುವುದು ದಾಂಡನ್ನಷ್ಟೇ ಅಲ್ಲ, ಮಗುವಿನ ಪರಿಶ್ರಮವನ್ನೂ ಎಂಬುದನ್ನು ತಂದೆತಾಯಂದಿರು ಮರೆಯಬಾರದು.