ಓದುವವರ ಎದುರು

ಬರೆದದ್ದನ್ನು ಇನ್ನೊಬ್ಬರ ಕೈಗೆ ಕೊಟ್ಟ ಮೇಲೆ ಕಣ್ಣನ್ನು ಎಲ್ಲಿಡಬೇಕೆಂದು ನನಗೆ ಇಂದಿಗೂ ತಿಳಿಯುವುದಿಲ್ಲ. ಅವರು ಓದುತ್ತಿರುತ್ತಾರೆ, ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿರುತ್ತೇನೆ. ಹಾಳೆ ಮಗುಚಿದ ಸದ್ದಾದರೆ ಈಗ ಯಾವ ಪುಟಕ್ಕೆ ಬಂದರು ಎಂಬ ಲೆಕ್ಕ. ಹುಬ್ಬು ಗಂಟಿಕ್ಕಿದ್ದು ಯಾವ ಸಾಲಿಗೆ? ತುಟಿ ಅರಳಿದ್ದು ಯಾವ ಮಾತಿಗೆ? ಗುರುತಿಲ್ಲದ ಸಂಪಾದಕರಿಗೆ ಅಂಚೆಯಲ್ಲಿ ಕಳಿಸುವಾಗ ಇಷ್ಟು ಕಷ್ಟವಿಲ್ಲ. ಅವರು ಬರಹವನ್ನಷ್ಟೇ ನೋಡುತ್ತಾರೆ. ಮನೆಯವರು ಅದರ ಹಿಂದೆ ನಿಂತ ನಮ್ಮನ್ನೂ ನೋಡಿಬಿಡುತ್ತಾರೆ. ‘ಈ ಮುದುಕಿ ನಮ್ಮ ದೊಡ್ಡಮ್ಮನೇ ಅಲ್ವೇನೇ?’ ಎಂದು ಅಕ್ಕ ಕೇಳಿದರೆ ಹೌದೆನ್ನಲೂ ಆಗದು, ಅಲ್ಲವೆನ್ನಲೂ ಆಗದು.

ಈ ಅಳುಕಿನ ವಿಷಯ ಬಂದಾಗಲೆಲ್ಲ ನನಗೆ ಮುದ್ದಣ ನೆನಪಾಗುತ್ತಾರೆ. ಮುದ್ದಣ ಎಂದರೆ ನಂದಳಿಕೆಯ ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ಹುಡುಗರಿಗೆ ಡ್ರಿಲ್ ಕಲಿಸುತ್ತಿದ್ದ ಮೇಷ್ಟ್ರು. 1890ರ ದಶಕದಲ್ಲಿ ಮೈಸೂರಿನಿಂದ ಹಳೆಯ ಕಾವ್ಯಗಳನ್ನು ಅಚ್ಚು ಹಾಕುತ್ತಿದ್ದ ಪತ್ರಿಕೆಗಳಿಗೆ ತಮ್ಮ ಕೃತಿಗಳನ್ನು ಕಳಿಸಿದರು. ಆದರೆ ತಾವು ಬರೆದದ್ದೆಂದು ಹೇಳಲಿಲ್ಲ. ಹಿಂದಿನ ಕವಿಯೊಬ್ಬನ ಕೃತಿಯೆಂದೇ ಅವು ಹೊರಬಂದವು. 1901ರಲ್ಲಿ ಕ್ಷಯ ಅವರನ್ನು ತೆಗೆದುಕೊಂಡು ಹೋದಾಗ ಅವರಿಗೆ 31 ವರ್ಷ. ‘ರಾಮಾಶ್ವಮೇಧ’ ಬರೆದವರು ಆ ಡ್ರಿಲ್ ಮೇಷ್ಟ್ರೇ ಎಂಬುದು ನಾಡಿಗೆಲ್ಲ ತಿಳಿಯುವ ಹೊತ್ತಿಗೆ ಅವರು ಇಲ್ಲವಾಗಿ ಎಷ್ಟೋ ವರ್ಷಗಳಾಗಿದ್ದವು.

ಹೀಗೆ ಹೆಸರು ಮುಚ್ಚಿಟ್ಟದ್ದನ್ನು ವಿನಯ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮೈದಾನದಲ್ಲಿ ಸೀಟಿ ಊದುವವನ ಹೆಸರು ಕಂಡರೆ ಪಂಡಿತರು ಮೊದಲ ಪುಟದಲ್ಲೇ ಪುಸ್ತಕ ಮುಚ್ಚಿಯಾರು ಎಂಬ ಭಯ ಅವರಿಗಿದ್ದಿರಬೇಕು. ಬರಹ ಅವರೆದುರು ಒಂಟಿಯಾಗಿ ನಿಲ್ಲಲಿ, ತೂಕವಿದ್ದರೆ ನಿಂತೀತು ಎಂದುಕೊಂಡಿರಬೇಕು. ಎಷ್ಟು ಕಠಿಣವಾದ ಪರೀಕ್ಷೆ ಅದು! ಗೆದ್ದರೂ ಗೆದ್ದವನು ತಾನೆಂದು ಹೇಳುವಂತಿಲ್ಲ.

ಆದರೆ ಅದೇ ‘ರಾಮಾಶ್ವಮೇಧ’ದೊಳಗೆ ಅವರು ಮಾಡಿರುವುದನ್ನು ನೋಡಿ. ಹೊರಗೆ ತಮ್ಮ ಹೆಸರು ಮುಚ್ಚಿಟ್ಟವರು, ಒಳಗೆ ಮನೆಯಲ್ಲಿ ಅಕ್ಕರೆಯಿಂದ ಕರೆಯುತ್ತಿದ್ದ ಮುದ್ದಣ ಎಂಬ ಹೆಸರಿನಲ್ಲೇ ಕೂತು ಹೆಂಡತಿ ಮನೋರಮೆಗೆ ಕಥೆ ಹೇಳುತ್ತಾರೆ. ಆ ಮನೋರಮೆ ಸುಮ್ಮನೆ ಕೇಳುವವಳಲ್ಲ. ಪದ್ಯ ಬೇಡವೆನ್ನುತ್ತಾಳೆ, ಸಂಸ್ಕೃತ ಹೆಚ್ಚಾದರೆ ತಡೆಯುತ್ತಾಳೆ, ನಡುವೆ ಬಾಯಿಹಾಕಿ ಛೇಡಿಸುತ್ತಾಳೆ. ಅಷ್ಟು ಅಂಜಿದ ಕವಿ ತನಗಾಗಿ ಕಲ್ಪಿಸಿಕೊಂಡದ್ದು ‘ಭೇಷ್’ ಎನ್ನುವ ಶ್ರೋತೃವನ್ನಲ್ಲ, ಅಡ್ಡ ಮಾತಾಡುವವಳನ್ನು. ಕನ್ನಡದಲ್ಲಿ ಬರೆಯುವವರ ಆಸೆಯನ್ನು ಇಷ್ಟು ಚೆನ್ನಾಗಿ ತೋರಿಸಿದ ಪುಟಗಳು ನನಗೆ ಬೇರೆ ಸಿಕ್ಕಿಲ್ಲ.

ಧಾರವಾಡದ ‘ಗೆಳೆಯರ ಗುಂಪು’ ಎಂಬ ಬರಹಗಾರರ ಕೂಟದವರಿಗೆ ಅಂಥ ಕಿವಿಗಳು ನಿಜವಾಗಿಯೇ ದೊರಕಿದ್ದವು. ಬೇಂದ್ರೆ, ಶಂ.ಬಾ., ಆನಂದಕಂದ, ಗೋಕಾಕ, ಮುಗಳಿ, ಎಲ್ಲ ಬರೆಯುವವರೇ. 1929ರ ಬೆಳಗಾವಿ ಸಾಹಿತ್ಯ ಸಮ್ಮೇಳನದಲ್ಲಿ ಬೇಂದ್ರೆ ‘ಹಕ್ಕಿ ಹಾರುತಿದೆ ನೋಡಿದಿರಾ’ ಓದಿ ಸಭೆಯನ್ನೇ ಬೆರಗಾಗಿಸಿದ್ದನ್ನು ನಾವೆಲ್ಲ ಹೇಳಿಕೊಳ್ಳುತ್ತೇವೆ. ಅಂಥ ಸಭೆಗೆ ಹೋಗುವ ಮೊದಲು ಮನುಷ್ಯನಿಗೆ ಜತೆಗೆ ಕೂತು ಕೇಳುವ ನಾಲ್ಕು ಜನ ಬೇಕು ಎಂಬುದನ್ನು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

ಹಾಗೆ ಕೂತು ಕೇಳುವವರ ಬೈಗುಳ ನೋಯಿಸುತ್ತದೆ, ನಿಜ. ಅದಕ್ಕಿಂತ ನೋಯಿಸುವುದು ಅರ್ಧ ಪುಟಕ್ಕೇ ಮಡಿಸಿಟ್ಟು ‘ಚೆನ್ನಾಗಿದೆ, ಬರೀತಾ ಇರಿ’ ಎನ್ನುವ ಮಾತು. ಬರೆದವರು ಕೊಟ್ಟದ್ದು ಕೈಗೆ ಬರಲೇ ಇಲ್ಲ ಎಂದಂತೆ ಅದು.

ಹೋದ ಮಳೆಗಾಲದಲ್ಲಿ ಪಕ್ಕದ ಮನೆಯ ಹುಡುಗಿ, ಪಿಯುಸಿ ಓದುವವಳು, ಒಂದು ನೋಟ್‌ಬುಕ್ ತಂದು ಕೊಟ್ಟು ಬಾಗಿಲ ಹೊರಗೇ ನಿಂತಳು. ಅಜ್ಜಿ ತೀರಿಕೊಂಡದ್ದರ ಬಗ್ಗೆ ಬರೆದಿದ್ದಳು. ನಾನು ಎರಡು ಸಲ ಓದಿದೆ. ‘ಅಜ್ಜಿಯ ಟ್ರಂಕಿನ ಬೀಗದ ಕೈ ಬರುವಲ್ಲಿಗೇ ಇದು ಮುಗೀತಲ್ಲ, ಮುಂದಿನ ಪುಟ ಯಾಕೆ ಬೇಕು?’ ಎಂದು ಕೇಳಿದೆ. ಅವಳ ಮುಖ ಕೆಂಪಾಯಿತು. ನೋಟ್‌ಬುಕ್ ಕಿತ್ತುಕೊಂಡು ಹೋಗುತ್ತಾಳೆಂದುಕೊಂಡೆ. ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತಳು. ‘ಇಲ್ಲ ಆಂಟೀ, ಅದು ಇರಲೇಬೇಕು. ನೀವು ಸರಿಯಾಗಿ ಓದಿಲ್ಲ,’ ಎಂದು ಆ ಪುಟವನ್ನು ತಾನೇ ಗಟ್ಟಿಯಾಗಿ ಓದತೊಡಗಿದಳು.