ಗುಂಡು ಇಲ್ಲದ ಬೆಲ್ಟು

ಅಪ್ಪನ ಪ್ರೀಮಿಯರ್ ಪದ್ಮಿನಿಗೆ ಎರಡು ಸೀಟ್ ಬೆಲ್ಟು. ಅವ್ವ ಕೂರುವ ಕಡೆಯದು ಎಷ್ಟು ಜಗ್ಗಿದರೂ ಹೊರಗೆ ಬರುತ್ತಿರಲಿಲ್ಲ. ಅಪ್ಪನದು ಬೆಣ್ಣೆ ಹಾಗೆ ಬರುತ್ತಿತ್ತು. ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಕುಷ್ಟಗಿಗೆ ಹೋದಾಗ ಕೆಟ್ಟ ಬೆಲ್ಟನ್ನು ರಿಪೇರಿ ಮಾಡಿಸಲೇಬೇಕು ಅಂತ ಹೊರಟೆ. ಕೆಟ್ಟದ್ದು ಯಾವುದು ಅನ್ನುವುದರಲ್ಲೇ ನಾನು ತಪ್ಪಿದ್ದೆ.

ಗಾಡಿ 1984ರದ್ದು. ಅಪ್ಪ ಮಾಸ್ತರಿಕೆ ಸಂಬಳದಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್. ಗೇರು ಸ್ಟೀರಿಂಗ್ ಪಕ್ಕ, ಮುಂದೆ ಬೆಂಚಿನಂಥ ಒಂದೇ ಉದ್ದ ಸೀಟು. ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗುವಾಗ ನಾನು, ತಂಗಿ ಇಬ್ಬರೂ ಅಪ್ಪ ಅವ್ವನ ನಡುವೆ. ಬ್ರೇಕ್ ಬಿದ್ದರೆ ಅವ್ವನ ಕೈ ಅಡ್ಡ ಬರುತ್ತಿತ್ತು. ಅದೇ ನಮ್ಮ ಬೆಲ್ಟು.

2023ರ ಅಕ್ಟೋಬರ್‌ನಲ್ಲಿ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿಯಿತಲ್ಲ, ಆಗ ಎಲ್ಲರ ಹಾಗೆ ನನಗೂ ನಾಸ್ಟಾಲ್ಜಿಯಾ ಹತ್ತಿತು. ಆಫೀಸಿನ ಲಂಚ್ ಬ್ರೇಕಿನಲ್ಲಿ ಆನ್‌ಲೈನ್ ಹುಡುಕಿ ‘ಕ್ಲಾಸಿಕ್ ಕಾರಿಗೆ’ ಅಂತ ಮಾರುತ್ತಿದ್ದ ಒಂದು ಸೆಟ್ ಆರ್ಡರ್ ಮಾಡಿದೆ. ಹಳೇ ಕಾಲದ ಕ್ರೋಮ್ ಬಕ್ಕಲ್, ಕಪ್ಪು ಪಟ್ಟಿ. ನೋಡಲು ಒರಿಜಿನಲ್ ಇದ್ದ ಹಾಗೇ ಇತ್ತು. ಅದರ ಮೇಲೆ ಯಾವುದೇ ಮಾನ್ಯತೆಯ ಗುರುತು ಇದೆಯೇ, ಹೇಗೆ ಕೂರಿಸಬೇಕು ಅಂತ ಒಂದು ಚೀಟಿಯಾದರೂ ಇದೆಯೇ, ಯಾವುದನ್ನೂ ನೋಡಲಿಲ್ಲ. ‘ಸೇಫ್ಟಿ ಮುಖ್ಯ ಅಪ್ಪಾ’ ಅಂತ ವಾಟ್ಸ್ಯಾಪ್ ಮಾಡಿ ಕಳಿಸಿದೆ. ಅವರು ಊರಲ್ಲೇ ಹಾಕಿಸಿ ಫೋಟೋ ಕಳಿಸಿದರು. ಸ್ಟೇಟಸ್ ಹಾಕಿಕೊಂಡೆ.

‘ನಮ್ಮ ಗಾಡಿಗೆ ಆ ರೂಲ್ ಇಲ್ಲಪಾ’ ಅನ್ನುತ್ತಿದ್ದರು ಅಪ್ಪ. ಲೆಕ್ಕದಲ್ಲಿ ಅವರು ಸರಿ. ಮುಂದಿನ ಸೀಟಿಗೆ ಬೆಲ್ಟ್ ಕಡ್ಡಾಯವಾದದ್ದು 1994ರ ಮಾರ್ಚ್ 25ರಿಂದ ತಯಾರಾದ ಕಾರುಗಳಿಗೆ. ಆದರೆ ಹೆದ್ದಾರಿ 50ರಲ್ಲಿ ಎದುರು ಬರುವ ಲಾರಿ ನಮ್ಮ ಆರ್‌ಸಿ ಬುಕ್ಕಿನ ವರ್ಷ ನೋಡುತ್ತದೆಯೇ?

ಗಂಗಾವತಿಯಲ್ಲಿ ಹಳೇ ಫಿಯಟ್‌ಗಳ ಕೈಗುಣ ಬಲ್ಲ ಒಬ್ಬ ಚಾಚಾ ಇದ್ದಾರೆ. ಒಂದು ಕಾಲದಲ್ಲಿ ರೈಸ್ ಮಿಲ್ ಸಾವಕಾರರ ಗಾಡಿಗಳೆಲ್ಲ ಅವರ ಹತ್ತಿರವೇ ಬರುತ್ತಿದ್ದವಂತೆ. ಅವ್ವನ ಕಡೆಯ ರೀಲ್ ಬಿಚ್ಚಿ, ಕೈಯಲ್ಲಿ ನೆಟ್ಟಗೆ ಹಿಡಿದು ಪಟ್ಟಿ ಎಳೆದರು. ಸರಾಗ ಬಂತು. ಸ್ವಲ್ಪ ವಾಲಿಸಿದರು. ಟುಕ್, ನಿಂತಿತು.

‘ಇದು ಕೆಟ್ಟಿಲ್ಲ ತಮ್ಮಾ, ಸೊಟ್ಟ ಕೂಡಿಸ್ಯಾರ.’

ಒಳಗೆ ಒಂದು ಸಣ್ಣ ಬಟ್ಟಲು, ಅದರಲ್ಲಿ ಒಂದು ಉಕ್ಕಿನ ಗುಂಡು. ಗಾಡಿ ಗಕ್ಕನೆ ನಿಂತಾಗ ಗುಂಡು ಉರುಳಿ ಮೇಲಿನ ಕೊಂಡಿಯನ್ನು ಎತ್ತುತ್ತದೆ, ಕೊಂಡಿ ಹಲ್ಲುಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ, ಪಟ್ಟಿ ಅಲ್ಲೇ ನಿಲ್ಲುತ್ತದೆ. ರೀಲನ್ನೇ ವಾಲಿಸಿ ಬಿಗಿದರೆ ಗುಂಡು ಮೊದಲೇ ಉರುಳಿ ಕೂತಿರುತ್ತದೆ. ಗಾಡಿ ನಿಂತಲ್ಲೇ ಇದ್ದರೂ ಬೆಲ್ಟಿನ ಲೆಕ್ಕದಲ್ಲಿ ಅದು ಸದಾ ಬ್ರೇಕ್ ಹಾಕುತ್ತಲೇ ಇರುತ್ತದೆ. ಪದ್ಮಿನಿಯ ಕಂಬದ ಬುಡ ಓರೆ. ಈ ಸೆಟ್ಟಿಗೆ ಅದನ್ನು ಸರಿದೂಗಿಸುವ ಬ್ರ್ಯಾಕೆಟ್ಟೇ ಇರಲಿಲ್ಲ.

ಆಮೇಲೆ ಚಾಚಾ, ಯಾರೂ ಕೇಳದೆಯೇ, ಅಪ್ಪನ ಕಡೆಯದನ್ನೂ ಬಿಚ್ಚಿದರು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು. ಮೊದಲನೆಯದು ಕಟಕಟ ಅಂದಿತ್ತು. ಇದು ಸುಮ್ಮನಿತ್ತು. ವಾಲಿಸಿದರು, ಬೋರಲು ಹಾಕಿದರು, ಜರ್ಕ್ ಕೊಟ್ಟು ಎಳೆದರು. ಪಟ್ಟಿ ಬರುತ್ತಲೇ ಇತ್ತು.

‘ಮಾಸ್ತರ್ರ, ಇದರಾಗಿನ ಗುಂಡು ಎಲ್ಲೈತ್ರಿ?’

ಅಪ್ಪ ಡ್ಯಾಶ್‌ಬೋರ್ಡ್ ಬಾಕ್ಸಿನಿಂದ ಅಡಕೆ ಡಬ್ಬಿ ತೆಗೆದು ತೆರೆದರು. ಸ್ಕ್ರೂ, ಫ್ಯೂಸ್, ಒಂದು ಹಳೇ ಕೀಲಿಯ ನಡುವೆ ಗುಂಡು ಕೂತಿತ್ತು. ‘ಅದೂ ಹಿಂಗ ಹಿಡ್ಕೊಂತಿತ್ತು. ಗ್ಯಾರೇಜ್ ಹುಡುಗಗ ಹೇಳಿ ಫ್ರೀ ಮಾಡಿಸೀನಿ.’

ಅಂದರೆ ಒಂದು ವರ್ಷ ಅವರು ಎದೆಗೆ ರಿಬ್ಬನ್ ಕಟ್ಟಿಕೊಂಡು ಓಡಿಸಿದ್ದರು. ಯಲಬುರ್ಗಾದ ಅತ್ತೆ ಮನೆಗೆ, ಕೊಪ್ಪಳದ ಆಸ್ಪತ್ರೆಗೆ, ರಾತ್ರಿ ವಾಪಸ್. ಬೈಯೋಣ ಅಂದರೆ ಬಾಯಿ ಬರಲಿಲ್ಲ. ಬಾಕ್ಸ್ ಕಳಿಸಿದವನು ನಾನೇ. ಒಳ್ಳೆಯ ರೀಲಿನಲ್ಲಿ ಪಟ್ಟಿಯನ್ನು ಜೋರಾಗಿ ಎಳೆದರೂ ಹಿಡಿಯುವ ಇನ್ನೊಂದು ಬೀಗ ಇರುತ್ತದೆ. ನಾನು ಕೊಂಡಿದ್ದರಲ್ಲಿ ಇದ್ದದ್ದು ಗುಂಡಿನದೊಂದೇ.

‘ಗುಂಡು ಐತೆಲ್ಲ, ಮತ್ತ ಹಾಕ್ರಿ’ ಅಂದರು ಅಪ್ಪ. ಚಾಚಾ ಒಪ್ಪಲಿಲ್ಲ. ಒಮ್ಮೆ ಬಿಚ್ಚಿದ ರೀಲು ಗುಜರಿಗೇ ಅಂದರು. ಅವ್ವನದಕ್ಕೂ ಗುರುತಿನ ಲೇಬಲ್ ಇರಲಿಲ್ಲವಾದ್ದರಿಂದ ಎರಡನ್ನೂ ಕಿತ್ತು ಹಾಕಿ, ಹುಬ್ಬಳ್ಳಿಯಿಂದ ಐಎಸ್ 15140 ಲೇಬಲ್ಲಿನ ಹೊಸ ಜೋಡಿ ತಂದೆ. ಬಕ್ಕಲ್ ಪ್ಲಾಸ್ಟಿಕ್, ಫೋಟೋಗೆ ಏನೇನೂ ಚಂದವಿಲ್ಲ.

ಕೆಲಸ ಎರಡು ದಿನ ಹಿಡಿಯಿತು. ಮ್ಯಾಟ್ ಎತ್ತಿದರೆ ಬೋಲ್ಟ್ ಸುತ್ತಲಿನ ತಗಡು ತುಕ್ಕು ಹಿಡಿದು ಹಪ್ಪಳವಾಗಿತ್ತು. ಅಷ್ಟೂ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿ, ಎಳೆತ ಒಂದೇ ತೂತಿನ ಮೇಲೆ ಬೀಳದಿರಲಿ ಅಂತ ಕೆಳಗೆ ಅಂಗೈ ಅಗಲದ ದಪ್ಪ ಪ್ಲೇಟ್ ಕೊಟ್ಟರು. ಬೋಲ್ಟು ಬೆಲ್ಟಿಗೆಂದೇ ಬರುವ 7/16 ಇಂಚಿನ ಗಟ್ಟಿ ಉಕ್ಕಿನದು. ಗಾಡಿಯನ್ನು ಸಮತಟ್ಟಿನ ನೆಲದಲ್ಲಿ ನಿಲ್ಲಿಸಿ, ದಾರಕ್ಕೆ ಒಂದು ನಟ್ ಕಟ್ಟಿ ಇಳಿಬಿಟ್ಟು, ಆ ದಾರಕ್ಕೆ ಸರಿಯಾಗಿ ರೀಲ್ ನೆಟ್ಟಗಾಗುವ ತನಕ ಓರೆ ಪಟ್ಟಿಯನ್ನು ಮೂರು ಸಲ ಉಜ್ಜಿದರು.

ಮರುದಿನ ಬೆಳಗಿನ ಆರಕ್ಕೆ ಊರಾಚೆಯ ಖಾಲಿ ರಸ್ತೆ. ಮುಂದೆ ಅಪ್ಪ, ಅವ್ವ. ಹಿಂದೆ ನಾನು. ಮೂವತ್ತರಲ್ಲಿ ಹೋಗುತ್ತಾ ಅಪ್ಪ ಒಮ್ಮೆಲೇ ಬ್ರೇಕ್ ಒತ್ತಿದರು. ಟುಕ್, ಟುಕ್. ಎರಡೂ ಹಿಡಿದವು. ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು.

ಅವ್ವ ಪಟ್ಟಿಯನ್ನು ಮುಟ್ಟಿ ನೋಡಿಕೊಂಡಳು. ‘ಇನ್ನೊಮ್ಮೆ ಹಾಕ್ರಿ’ ಅಂದಳು.